ಜೋರಾಗಿ ಬೇಡ

ಫೆಬ್ರವರಿ 11

ಹಿರಿಯರಿಗೆ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಿಮ್ಮ ಬೆಕ್ಕನ್ನು ಪ್ರಾಣಿಧಾಮದಿಂದ ಮನೆಗೆ ತಂದವಳು ನಾನು. ಬಿಟ್ಟುಹೋದವರಿಗೂ ಕರೆದುಕೊಂಡು ಹೋದವರಿಗೂ ಮನಸ್ಸಿದ್ದರೆ ಒಬ್ಬರ ವಿಳಾಸವನ್ನು ಇನ್ನೊಬ್ಬರಿಗೆ ಕೊಡುವುದು ಅಲ್ಲಿನ ಪದ್ಧತಿಯಂತೆ. ಅಲ್ಲಿನ ಮೇಲ್ವಿಚಾರಕಿ ನಿಮ್ಮ ವಿಳಾಸ ಬರೆದುಕೊಟ್ಟು, "ಫೋನ್ ಮಾಡಬೇಡಿ, ಅವರ ಮಾತು ಫೋನಲ್ಲಿ ಯಾರಿಗೂ ಕೇಳಿಸಲ್ಲ" ಎಂದರು. ನನಗೂ ಒಂದು ಕಿವಿ ಮಂದ. ಹಾಗಾಗಿ ಕಾಗದವೇ ಸರಿ.

ನಾನು ದೊಡ್ಡದೊಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೇನೆ, ಇಸ್ತ್ರಿ ಯಂತ್ರದ ಮೇಲೆ. ಇರುವುದು ಒಬ್ಬಳೇ, ಮಹಡಿಯ ಮೇಲೆ ಒಂದೇ ಕೋಣೆ. ಮಂಚ, ಒಲೆ, ಕಪಾಟು, ಮಡಿಸುವ ಮೇಜು. ಈಗ ಸಿಂಕಿನ ಪಕ್ಕಕ್ಕೆ ಬೆಕ್ಕಿನ ಶೌಚಕ್ಕೆಂದು ಮರಳಿನ ತಟ್ಟೆ ಬಂದಿರುವುದರಿಂದ ಬಾಗಿಲು ಅರ್ಧವೇ ತೆರೆಯುತ್ತದೆ, ನಾನು ಓರೆಯಾಗಿ ಒಳಗೆ ನುಗ್ಗಬೇಕು. ನಾನೇನು ತೆಳ್ಳಗಿನವಳಲ್ಲ.

ಮರಿ ತಂದರೆ ಪರದೆ ಹತ್ತಿ, ಕಪಾಟು ಹತ್ತಿ ಜೀವ ತಿನ್ನುತ್ತದೆ, ವಯಸ್ಸಾದದ್ದಾದರೆ ಒಂದು ಕಡೆ ಕೂತಿರುತ್ತದೆ ಎಂದುಕೊಂಡಿದ್ದೆ. ಅದು ಅತಿಯಾಗಿಯೇ ನಿಜವಾಯಿತು. ಬಂದ ದಿನ ಮಂಚದ ಕೆಳಗೆ ಸೂಟ್‌ಕೇಸಿನ ಹಿಂದೆ ಕೂತವಳು ಅಲ್ಲೇ ಇದ್ದಾಳೆ. ನಾನು ಕೆಲಸಕ್ಕೆ ಹೋದಾಗ ಬಂದು ಎರಡು ತುತ್ತು ತಿನ್ನುತ್ತಾಳೆ. ನಾನು ಬಂದು ಬಾಯಿ ತೆರೆದರೆ ಮಾಯ. ನೆಲದ ಮೇಲೆ ಬೋರಲು ಮಲಗಿ ಕರೆಯುತ್ತೇನೆ: "ಬಾರೇ, ಬಾರಮ್ಮ, ನಾನೇನು ನಿನ್ನ ತಿಂದುಬಿಡ್ತೀನಾ?" ಕರೆದಷ್ಟೂ ಒಳಕ್ಕೆ ಸರಿಯುತ್ತಾಳೆ. ಕೆಳಗಿನ ಮನೆಯ ಮಾಲೀಕಮ್ಮ ಮೆಟ್ಟಿಲು ಹತ್ತಿ ಬಂದು, "ಯಾರ ಜೊತೆ ಜಗಳ?" ಎಂದು ಕೇಳಿ ಹೋದರು.

ಒಂದು ತಿಂಗಳು ನೋಡಿ, ಒಗ್ಗದಿದ್ದರೆ ವಾಪಸ್ ತನ್ನಿ ಎಂದಿದ್ದಾರೆ ಪ್ರಾಣಿಧಾಮದವರು. ಹದಿಮೂರು ವರ್ಷದ ಬೆಕ್ಕನ್ನು ಎರಡನೆಯ ಸಲ ಯಾರು ಕರೆದುಕೊಂಡು ಹೋಗುತ್ತಾರೆ ಹೇಳಿ? ಅವಳನ್ನು ಹೊರಗೆ ಬರಿಸುವುದು ಹೇಗೆ? ನೀವು ಏನೆಂದು ಕರೆಯುತ್ತಿದ್ದಿರಿ?

ಇಂತಿ,
ನಿಮ್ಮ ಬೆಕ್ಕಿನ ಈಗಿನ ಮನೆಯವಳು

*

ಫೆಬ್ರವರಿ 20

ಇಸ್ತ್ರಿಯಮ್ಮನವರಿಗೆ,

ಅವಳ ಹೆಸರು ಯಜಮಾನಿ. ಇಟ್ಟವನು ನಾನಲ್ಲ, ಅವಳ ನಡವಳಿಕೆ.

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀವು ಜೋರಾಗಿ ಮಾತಾಡುತ್ತೀರಾ?

ಕೇಳಲು ಕಾರಣವಿದೆ. ನಾನು ಒಂದು ನಾಟಕಶಾಲೆಯಲ್ಲಿ ಪ್ರಾಂಪ್ಟರ್ ಆಗಿದ್ದವನು. ಅಂದರೆ ಜನರಿಗೆ ಕಾಣದಂತೆ ಪರದೆಯ ಪಕ್ಕ ಪುಸ್ತಕ ಹಿಡಿದು ನಿಂತು, ನಟ ಮಾತು ಮರೆತರೆ ಮುಂದಿನ ಸಾಲನ್ನು ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳುವವನು. ಇಡೀ ಆಯುಸ್ಸು ಪಿಸುಗುಟ್ಟಿ ನನ್ನ ಗಂಟಲು ಬೇರೆ ದನಿಯನ್ನೇ ಮರೆತಿದೆ. ಯಜಮಾನಿ ನಾಟಕಶಾಲೆಯ ಬಟ್ಟೆ ಪೆಟ್ಟಿಗೆಯಲ್ಲಿ ಹುಟ್ಟಿ ನನ್ನ ಮನೆಯಲ್ಲಿ ಬೆಳೆದವಳು. ಅವಳ ಪ್ರಕಾರ ಮನುಷ್ಯರು ಪಿಸುಗುಟ್ಟುತ್ತಾರೆ. ಕೂಗುವವರು ಬೇರೆ ಯಾವುದೋ ಪ್ರಾಣಿ, ಅವರಿಂದ ದೂರ ಇರಬೇಕು.

ನೆಲದ ಮೇಲೆ ಮಲಗಬೇಡಿ. ಬೆನ್ನು ತಿರುಗಿಸಿ ಕೂತು, ಪುಸ್ತಕವೋ ಪತ್ರಿಕೆಯೋ ಪಿಸುದನಿಯಲ್ಲಿ ಓದಿ. ಏನನ್ನಾದರೂ ಓದಿ, ಅವಳಿಗೆ ಅಷ್ಟು ಆಯ್ಕೆಯಿಲ್ಲ. ಹಾಲು ಕೊಡಬೇಡಿ, ಹೊಟ್ಟೆ ಕೆಡುತ್ತದೆ.

ನಾನೀಗ ಅಕ್ಕನ ಮಗನ ಮನೆಯಲ್ಲಿದ್ದೇನೆ. ಅವನ ಮಗುವಿಗೆ ಬೆಕ್ಕಿನ ಕೂದಲಿನಿಂದ ಉಸಿರು ಕಟ್ಟುತ್ತದೆ. ಯಾರ ತಪ್ಪೂ ಅಲ್ಲ. ಬೆಕ್ಕು ಈಗ ನಿಮ್ಮದು. ಕೊಟ್ಟದ್ದನ್ನು ಮತ್ತೆ ಕೇಳುವ ಅಭ್ಯಾಸ ನನಗಿಲ್ಲ.

ಪರದೆಯ ಪಕ್ಕದವನು

*

ಮಾರ್ಚ್ 8

ಹಿರಿಯರೇ,

ಬಂದಳು! ಬಂದೇ ಬಿಟ್ಟಳು!

ಜೋರಾಗಿ ಮಾತಾಡುತ್ತೀರಾ ಎಂದು ಕೇಳಿದಿರಿ. ನಿಮ್ಮ ಕಾಗದವನ್ನು ಕೆಲಸದ ಜಾಗದಲ್ಲಿ ಜೊತೆಯವಳಿಗೆ ಓದಿ ಹೇಳಿದೆ, ಅವಳು ಬೆಡ್‌ಶೀಟ್ ಮಡಿಸುವುದನ್ನು ಬಿಟ್ಟು ನಕ್ಕಳು. ನಮ್ಮಲ್ಲಿ ಯಂತ್ರಗಳ ಸದ್ದಿನ ಮೇಲೆ ಕೂಗಿದರೆ ಮಾತ್ರ ಮಾತು. ಅಲ್ಲಿಂದ ಮನೆಗೆ ಬಂದರೂ ದನಿ ಇಳಿಯುವುದಿಲ್ಲ, ಇಳಿದಿಲ್ಲ ಎಂದು ನನ್ನ ಕಿವಿಗೂ ತಿಳಿಯುವುದಿಲ್ಲ. ಪಾಪ, ಆ ಜೀವ ಮಂಚದ ಕೆಳಗೆ ಏನೆಂದುಕೊಂಡಿತ್ತೋ.

ನೀವು ಹೇಳಿದಂತೆ ಬೆನ್ನು ತಿರುಗಿಸಿ ಕೂತೆ. ಮನೆಯಲ್ಲಿ ಪುಸ್ತಕವಿಲ್ಲ. ಒಲೆಯ ಜೊತೆ ಬಂದಿದ್ದ ಸೂಚನೆಗಳನ್ನು ಪಿಸುಗುಟ್ಟಿದೆ. ನಾಲ್ಕನೆಯ ಸಂಜೆ, ಬೆಂಕಿ ಆರಿದರೆ ಏನು ಮಾಡಬೇಕು ಎನ್ನುವಲ್ಲಿಗೆ ಬಂದಾಗ ಸೊಂಟಕ್ಕೆ ಏನೋ ಬೆಚ್ಚಗೆ ತಾಗಿತು. ನಾನು ಅಲ್ಲಾಡಲಿಲ್ಲ. ಅತ್ತುಬಿಟ್ಟೆ, ಅದನ್ನೂ ಮೆಲ್ಲಗೆ.

ಇನ್ನೊಂದು ತಮಾಷೆ ಕೇಳಿ. ನಾನು ಕೂಗಾಡಿದಾಗ ಜಗಳವೇ ಎಂದಷ್ಟೇ ಕೇಳಿ ಹೋಗಿದ್ದ ಮಾಲೀಕಮ್ಮ ಈಗ ಪಿಸುಮಾತು ಕೇಳಿ ಓಡಿ ಬಂದರು. "ಒಳಗೆ ಯಾರಮ್ಮ ಇರೋದು? ಬರೀ ಹೆಂಗಸರು ಅಂತ ಮನೆ ಕೊಟ್ಟಿದ್ದು" ಎಂದು ಕತ್ತು ಚಾಚಿ ನೋಡಿದರು. ಯಜಮಾನಿ ಮಂಚದ ಮೇಲಿಂದ ಅವರನ್ನು ಮೇಲೆ ಕೆಳಗೆ ನೋಡಿದಳು. ಮಾಲೀಕಮ್ಮನೇ ಕಣ್ಣು ತಗ್ಗಿಸಿ ಇಳಿದು ಹೋದರು. ಅವಳ ಹೆಸರು ಸರಿಯಾಗಿಯೇ ಇದೆ.

ಒಂದು ವಿಷಯ ಮಾತ್ರ ಅರ್ಥವಾಗಿಲ್ಲ. ದಿನಾ ಸಂಜೆ, ನಾನು ಮನೆಯಲ್ಲೇ ಇದ್ದರೂ, ಬಾಗಿಲ ಮುಂದೆ ಹೋಗಿ ಕೂರುತ್ತಾಳೆ. ಮುಖ ಬಾಗಿಲಿಗೆ. ಕರೆದರೂ ತಿರುಗುವುದಿಲ್ಲ. ನನ್ನನ್ನು ಯಾರೂ ಎತ್ತಿಕೊಂಡು ಹೋಗದಂತೆ ಕಾವಲು ಕೂತಿದ್ದಾಳೆಂದು ನನ್ನ ಊಹೆ.

ಇಂತಿ,
ಇಸ್ತ್ರಿಯಮ್ಮ

*

ಮಾರ್ಚ್ 17

ಇಸ್ತ್ರಿಯಮ್ಮನವರಿಗೆ,

ಒಲೆಯ ಸೂಚನೆಗಳು! ನಾನು ಅವಳಿಗೆ ದೊಡ್ಡ ದೊಡ್ಡ ರಾಜರ ಸಂಭಾಷಣೆ ಓದಿದ್ದೇನೆ, ಒಂದಕ್ಕೂ ಕಿವಿ ಅಲ್ಲಾಡಿಸಿರಲಿಲ್ಲ.

ಬಾಗಿಲ ಬಳಿ ಕೂರುವುದು ಹಳೆಯ ಅಭ್ಯಾಸ. ಹೆಚ್ಚೇನೂ ಇಲ್ಲ. ಕೂರಲು ಬಿಡಿ.

ಅವಳ ತೂಕ ಇಳಿದಿದೆಯೇ? ಬುಟ್ಟಿಯಲ್ಲಿ ಕೂರಿಸಿದರೆ ಹಟ ಮಾಡುತ್ತಾಳೆಯೇ? ಪ್ರಾಣಿಧಾಮದಿಂದ ಬರುವಾಗ ಕಾರಿನಲ್ಲಿ ವಾಂತಿ ಮಾಡಿಕೊಂಡಳೇ? ನೀವಿರುವ ಮನೆಗೆ ಮೆಟ್ಟಿಲು ಬಹಳವೇ? ಸುಮ್ಮನೆ ಕೇಳಿದೆ. ಇಲ್ಲಿ ನನಗೆ ಕೆಲಸವಿಲ್ಲ.

ಪರದೆಯ ಪಕ್ಕದವನು

*

ಏಪ್ರಿಲ್ 24

ಹಿರಿಯರೇ,

ತಡವಾಗಿ ಬರೆಯುತ್ತಿದ್ದೇನೆ. ಎಲ್ಲ ಸರಿಹೋದ ಮೇಲೆ ಬರೆಯೋಣ, ನಿಮ್ಮನ್ನು ಸುಮ್ಮನೆ ಹೆದರಿಸುವುದು ಬೇಡ ಎಂದು ಕಾದೆ. ಯಜಮಾನಿಗೆ ಹುಷಾರಿರಲಿಲ್ಲ. ಊಟದ ತಟ್ಟೆ ಮುಟ್ಟಲಿಲ್ಲ, ನೀರು ಮಾತ್ರ ಕುಡಿದಳು, ಕುಡಿಯುತ್ತಲೇ ಇದ್ದಳು. ವಯಸ್ಸಿಗೆ ಮೂತ್ರಪಿಂಡ ಸೋತಿದೆ ಎಂದರು ವೈದ್ಯೆ. ವಾಸಿಯಾಗುವುದಲ್ಲ, ಆದರೆ ಔಷಧಿ, ಬೇರೆ ಆಹಾರ, ದಿನಾ ಚರ್ಮದಡಿ ಸೂಜಿಯಿಂದ ಸ್ವಲ್ಪ ನೀರು ಕೊಟ್ಟರೆ ಇನ್ನಷ್ಟು ಕಾಲ ಇರುತ್ತಾಳಂತೆ. ಸೂಜಿ ಚುಚ್ಚುವುದನ್ನು ಕಲಿತೆ. ಮೊದಲ ದಿನ ನನ್ನ ಕೈಗೇ ಚುಚ್ಚಿಕೊಂಡೆ.

ಕೆಲಸಕ್ಕೆ ರಜೆ ಹಾಕಿದ್ದಕ್ಕೆ ಮೇಲಿನವನು ರೇಗಿದ. "ಬೆಕ್ಕಿಗೆ ಜ್ವರ ಅಂತ ರಜೆನಾ? ನಾಳೆ ಗುಬ್ಬಿಗೆ ನೆಗಡಿ ಅಂತೀಯ." ಎಲ್ಲರೂ ನಕ್ಕರು. ನಾನೂ ನಕ್ಕು, ಹೋಗಿ ಒಗೆಯುವ ಯಂತ್ರದ ಹಿಂದೆ ನಿಂತೆ. ಅವನಿಗೆ ಉತ್ತರ ಹೇಳಲು ಬಾಯಿ ಬರಲಿಲ್ಲ. ಇಡೀ ದಿನ ಕೂಗುತ್ತೇನೆ, ಆದರೆ ಹೇಳಬೇಕಾದದ್ದು ಬಂದಾಗ ನನಗೆ ಹೀಗೇ.

ಈ ಕೋಣೆಯಲ್ಲಿ ಮೊದಲು ಅಕ್ಕನೂ ನಾನೂ ಇದ್ದೆವು. ಅವಳು ಮದುವೆಯಾಗಿ ಹೋದ ಮೇಲೆ ಇಲ್ಲಿ ಮಾತಾಡಲು ಯಾರೂ ಇರಲಿಲ್ಲ. ರಜೆಯ ದಿನ ಬೆಳಗಿನಿಂದ ಸಂಜೆಯವರೆಗೆ ಬಾಯಿ ತೆರೆಯದೆ ಇದ್ದದ್ದುಂಟು. ಈಗ ಬಂದ ಕೂಡಲೇ ಪಿಸುಗುಟ್ಟಲು ಶುರುಮಾಡುತ್ತೇನೆ. ಯಾವ ವಾರ್ಡಿನ ಬೆಡ್‌ಶೀಟ್ ಎಷ್ಟು ಹರಿದಿತ್ತು ಎನ್ನುವುದೆಲ್ಲ ಅವಳಿಗೆ ಗೊತ್ತು. ಅವಳು ನನ್ನ ತೋಳಿನ ಮೇಲೆ ತಲೆಯಿಟ್ಟು ಮಲಗುತ್ತಾಳೆ, ಮಂಚದ ಮುಕ್ಕಾಲು ಪಾಲು ಅವಳದ್ದು.

ನನಗೆ ಅವಳೆಂದರೆ ತುಂಬ ಪ್ರೀತಿ. ಯಾರಿಗಾದರೂ ಹೇಳಬೇಕಿತ್ತು, ನಿಮಗೆ ಹೇಳಿದೆ.

ಇಂತಿ,
ಇಸ್ತ್ರಿಯಮ್ಮ

*

ಮೇ 10

ಇಸ್ತ್ರಿಯಮ್ಮನವರಿಗೆ,

ನಿಮಗೆ ಸಿಹಿ ಸುದ್ದಿ. ಇದುವರೆಗೆ ಹೇಳಲಿಲ್ಲ, ಕೈಗೆ ಬರುವ ಮೊದಲೇ ಬಾಯಿಗೆ ಬಂದರೆ ಕೆಡುತ್ತದೆಂದು ಹೆದರಿಕೆ. ಯಜಮಾನಿಯನ್ನು ಬಿಟ್ಟ ದಿನದಿಂದಲೂ ನಾನು ಮನೆ ಹುಡುಕುತ್ತಿದ್ದೆ. ಬೆಕ್ಕು ಎಂದ ಕೂಡಲೇ ಬಾಗಿಲು ಹಾಕುತ್ತಿದ್ದರು. ಈಗ ಸಿಕ್ಕಿತು! ನೆಲಮಟ್ಟದ ಒಂದು ಕೋಣೆ, ಮೆಟ್ಟಿಲಿಲ್ಲ, ಅಗಲವಾದ ಕಿಟಕಿ, ಕಿಟಕಿಗೆ ಬಿಸಿಲು. ಆ ಮನೆಯ ಮಾಲೀಕರು "ಮುದಿ ಬೆಕ್ಕು, ಮುದಿ ಮನುಷ್ಯ, ಯಾರು ಏನು ಮುರೀತೀರಿ?" ಎಂದು ನಕ್ಕು ಒಪ್ಪಿಕೊಂಡರು.

ಸಂಜೆ ಅವಳು ಬಾಗಿಲ ಬಳಿ ಕೂರುತ್ತಾಳೆಂದು ಬರೆದಿದ್ದಿರಿ. ಅದು ಕಾವಲಲ್ಲ. ಅದು ನಾನು ತಾಲೀಮು ಮುಗಿಸಿ ಮನೆಗೆ ಬರುತ್ತಿದ್ದ ಹೊತ್ತು. ಅವಳು ನನ್ನನ್ನು ಕಾಯುತ್ತಿದ್ದಾಳೆ. ಅದನ್ನು ಓದಿದ ದಿನ ನಾನು ಊಟದ ಮೇಜಿನಿಂದ ಎದ್ದು ಹೋದೆ. ನಿಮಗೆ ಬೇಸರವಾಗುತ್ತದೆಂದು ಆಗ ಬರೆಯಲಿಲ್ಲ.

ಜೂನ್ ಮೊದಲನೆಯ ಭಾನುವಾರ ಅಕ್ಕನ ಮಗ ಕಾರಿನಲ್ಲಿ ಕರೆದುಕೊಂಡು ಬರುತ್ತಾನೆ. ಬುಟ್ಟಿ ನಾನೇ ತರುತ್ತೇನೆ. ಔಷಧಿಗಳ ವಿವರ ಒಂದು ಚೀಟಿಯಲ್ಲಿ ಬರೆದಿಡಿ, ಸೂಜಿ ಹಾಕುವುದನ್ನು ನನಗೂ ಕಲಿಸಿಕೊಡಿ. ನಿಮ್ಮ ಋಣ ನಾನು ಮರೆಯುವುದಿಲ್ಲ.

ಅವಳಿಗೆ ಹೇಳಿ. ಮೆಲ್ಲಗೆ.

ಪರದೆಯ ಪಕ್ಕದವನು

*

ಮೇ 16

ಮಾನ್ಯರೇ,

ತಮಗೆ ಈ ದುಃಖದ ವಾರ್ತೆಯನ್ನು ತಿಳಿಸಲು ವಿಷಾದಿಸುತ್ತೇನೆ. ತಮ್ಮ ಕಾಗದ ತಲುಪುವ ಹಿಂದಿನ ದಿನ ಯಜಮಾನಿ ತೀರಿಕೊಂಡಳು. ಯಾವ ನೋವೂ ಇಲ್ಲದೆ ನಿದ್ರೆಯಲ್ಲಿಯೇ ಶಾಂತವಾಗಿ ಹೋದಳು. ಆಸ್ಪತ್ರೆಯ ಹಿಂದಿನ ತೋಟದಲ್ಲಿ, ಹೂವಿನ ಗಿಡಗಳ ನಡುವೆ ಮಣ್ಣು ಮಾಡಿದ್ದೇನೆ. ತಾವು ಈ ವಯಸ್ಸಿನಲ್ಲಿ ಇಷ್ಟು ದೂರದ ಪ್ರಯಾಣ ಮಾಡುವ ಅಗತ್ಯವಿಲ್ಲ. ದೇವರು ತಮಗೆ ಧೈರ್ಯ ಕೊಡಲಿ.

ಇಂತಿ ತಮ್ಮ ವಿಶ್ವಾಸಿ

*

ಮೇ 29

ಇಸ್ತ್ರಿಯಮ್ಮನವರಿಗೆ,

ನಿಮ್ಮ ಕಾಗದ ಬಂತು.

ಕೊನೆಗೆ ಅವಳ ಹತ್ತಿರ ಯಾರೋ ಇದ್ದರಲ್ಲ. ಪ್ರಾಣಿಧಾಮದ ಪಂಜರದಲ್ಲಿ ಹೋಗಲಿಲ್ಲವಲ್ಲ. ಅದೂ ಅವಳಿಗೆ ತಿಳಿಯುವ ಭಾಷೆಯಲ್ಲಿ ಮಾತಾಡುವವರ ತೋಳಿನ ಮೇಲೆ. ನೀವು ಪಿಸುಗುಟ್ಟುವುದನ್ನು ಕಲಿತಿರಿ, ಅದಕ್ಕೆ ಕೈ ಮುಗಿಯುತ್ತೇನೆ.

ಆ ಕೋಣೆ ಬೇಡವೆಂದು ಹೇಳಿಬಿಟ್ಟೆ. ಅಗಲವಾದ ಕಿಟಕಿ ಇಟ್ಟುಕೊಂಡು ಒಬ್ಬನೇ ಏನು ಮಾಡಲಿ? ಅಕ್ಕನ ಮಗ ವೃದ್ಧರ ನಿಲಯದಲ್ಲಿ ಒಂದು ಮಂಚ ನೋಡಿದ್ದಾನೆ. ಕೋಣೆಗೆ ಮೂವರು. ಒಬ್ಬರಿಗೆ ಕಿವಿ ಕೇಳುವುದಿಲ್ಲವಂತೆ, ನನ್ನ ದನಿಗೆ ಹೇಳಿ ಮಾಡಿಸಿದ ಜೊತೆ. ಬರುವ ವಾರ ಹೋಗುತ್ತೇನೆ. ಹೊಸ ವಿಳಾಸ ಹಿಂಬದಿಯಲ್ಲಿದೆ.

ಅಂಚೆಯಲ್ಲಿ ನನ್ನ ಹಳೆಯ ಸ್ವೆಟರ್ ಬರುತ್ತದೆ. ಅವಳು ಅದರ ಮೇಲೆ ಮಲಗುತ್ತಿದ್ದಳು, ಅದಕ್ಕಾಗಿ ಒಗೆಯದೆ ಇಟ್ಟಿದ್ದೆ. ಸಾಧ್ಯವಾದರೆ ಅವಳು ಇರುವಲ್ಲಿ ಸ್ವಲ್ಪ ಮಣ್ಣು ತೆಗೆದು ಇಟ್ಟುಬಿಡಿ. ಕಷ್ಟವಾದರೆ ಬೇಡ.

ಪರದೆಯ ಪಕ್ಕದವನು

*

ಜುಲೈ 12

ಹಿರಿಯರೇ,

ಈ ಕಾಗದವನ್ನು ಐದಾರು ಸಲ ಶುರುಮಾಡಿ ಹರಿದಿದ್ದೇನೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಯಜಮಾನಿ ಬದುಕಿದ್ದಾಳೆ. ನಾನು ಸುಳ್ಳು ಬರೆದೆ.

ನೀವು ಬರುತ್ತೇನೆಂದು ಬರೆದ ಕಾಗದ ಓದಿ ಎದ್ದು ಬಾಗಿಲಿಗೆ ಅಗುಳಿ ಹಾಕಿದೆ. ಕೊಡುವುದಿಲ್ಲ ಎಂದು ಬರೆಯಬಹುದಿತ್ತು. ಕಾಗದಪತ್ರದ ಪ್ರಕಾರ ಬೆಕ್ಕು ನನ್ನದೇ, ಮತ್ತೆ ಕೇಳುವುದಿಲ್ಲ ಎಂದಿದ್ದವರೂ ನೀವೇ. ಆ ಸಿಟ್ಟೂ ನನಗಿತ್ತು. ಆದರೆ "ಇಲ್ಲ" ಎಂಬ ಒಂದು ಮಾತು ಬರೆಯಲು ಕೂತರೆ, ಬುಟ್ಟಿ ಹಿಡಿದುಕೊಂಡು ನೀವು ನನ್ನ ಅರ್ಧ ತೆರೆದ ಬಾಗಿಲ ಮುಂದೆ ನಿಂತಂತೆ ಕಾಣುತ್ತಿತ್ತು. ಸತ್ತಳು ಎಂದು ಬರೆಯುವುದು ಅದಕ್ಕಿಂತ ಸುಲಭವಾಯಿತು. ನಾಲ್ಕು ದಿನ ಅಳುತ್ತೀರಿ, ಆಮೇಲೆ ಆ ಬಿಸಿಲಿನ ಕೋಣೆಯಲ್ಲಿ ಆರಾಮವಾಗಿ ಇರುತ್ತೀರಿ ಎಂದು ನನಗೆ ನಾನೇ ಹೇಳಿಕೊಂಡೆ. ಕೋಣೆಯನ್ನು ಅವಳಿಗೋಸ್ಕರವೇ ಹಿಡಿದಿದ್ದಿರಿ ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ನಿಮ್ಮ ಸ್ವೆಟರ್ ಬಂದಾಗ ಪೊಟ್ಟಣವನ್ನು ಬಿಚ್ಚದೆ ಕಪಾಟಿನ ಮೇಲೆ ಎತ್ತಿಟ್ಟಿದ್ದೆ. ಮೊನ್ನೆ ಕೆಲಸದಿಂದ ಬಂದರೆ ಪೊಟ್ಟಣ ಕೆಳಗೆ ಬಿದ್ದಿದೆ, ಕಾಗದ ಹರಿದಿದೆ. ಕಪಾಟು ಹತ್ತದ ಮುದಿ ಬೆಕ್ಕು ಅದು ಹೇಗೆ ಹತ್ತಿತೋ. ಸ್ವೆಟರಿನ ತೋಳಿನೊಳಗೆ ಮುಖ ತೂರಿಸಿದ್ದಳು. ಆಮೇಲೆ ಎದ್ದು ಬಾಗಿಲಿಗೆ ಹೋಗಿ ಕೂತು ಕೂಗಿದಳು. ನಾನು ಅವಳ ದನಿಯನ್ನು ಕೇಳಿಯೇ ಇರಲಿಲ್ಲ. ಕೂಗಿದಳು, ಕೂಗಿದಳು, ನಿಲ್ಲಿಸಲೇ ಇಲ್ಲ. ನನ್ನ ಮಂದ ಕಿವಿಗೂ ಅದು ಚುಚ್ಚಿತು. ಮಾಲೀಕಮ್ಮ ಮೇಲೆ ಬಂದು, "ಏನಾಗಿದೆ ಅದಕ್ಕೆ? ಯಾರನ್ನ ಕರೀತಿದೆ?" ಎಂದರು. ಯಾರನ್ನೆಂದು ನನಗೆ ಗೊತ್ತಿತ್ತು. ಅವರಿಗೆ ಹೇಳಲಿಲ್ಲ.

ನಿಮಗೆ ಹೇಳುತ್ತಿದ್ದೇನೆ. ನೀವು ಬನ್ನಿ, ಕರೆದುಕೊಂಡು ಹೋಗಿ. ಬರಲಾಗದಿದ್ದರೆ ನಾನೇ ಬುಟ್ಟಿಯಲ್ಲಿ ತರುತ್ತೇನೆ. ಬೈಯುವುದಾದರೆ ಎದುರಿಗೇ ಬೈಯಿರಿ. ನಾನು ಮಾಡಿದ್ದು ಹೇಸಿಗೆ ಕೆಲಸ.

ಇಸ್ತ್ರಿಯಮ್ಮ

*

ಆಗಸ್ಟ್ 20

ಹಿರಿಯರೇ,

ನಿಮ್ಮಿಂದ ಉತ್ತರವಿಲ್ಲ. ಬರೆಯಬೇಕೆಂದು ಕೇಳುವ ಮುಖ ನನಗಿಲ್ಲ. ನಿಲಯದ ಕಚೇರಿಗೆ ಫೋನ್ ಮಾಡಿ ಕೇಳಿದೆ. ನೀವು ಆರೋಗ್ಯವಾಗಿದ್ದೀರಿ, ಕಾಗದ ತಲುಪಿದೆ, ಪ್ರಾಣಿಗಳಿಗೆ ಅಲ್ಲಿ ಪ್ರವೇಶವಿಲ್ಲ, ಹೊರಗಿನ ಅಂಗಳಕ್ಕೂ ಇಲ್ಲ ಎಂದರು. ನಿಮ್ಮ ಆ ಕೋಣೆ ಈಗಲೂ ಖಾಲಿ ಇದೆಯೇ? ನಾನು ಅಲ್ಲಿನ ಮಾಲೀಕರ ಜೊತೆ ಮಾತಾಡುತ್ತೇನೆ, ಕಾಲು ಹಿಡಿಯುತ್ತೇನೆ.

ಯಜಮಾನಿ ತಿನ್ನುವುದು ಕಡಿಮೆಯಾಗಿದೆ. ಸೂಜಿಗೆ ಹಟ ಮಾಡುವುದಿಲ್ಲ. ಸಂಜೆ ನಡೆಯಲು ಕಷ್ಟಪಡುತ್ತಾಳೆ, ಆದರೂ ಬಾಗಿಲವರೆಗೆ ಹೋಗುತ್ತಾಳೆ. ಎತ್ತಿ ಮಂಚದ ಮೇಲೆ ಬಿಟ್ಟರೆ ಇಳಿದು ಮತ್ತೆ ಹೋಗುತ್ತಾಳೆ. ಇದನ್ನು ನಿಮಗೆ ನೋವಾಗಲಿ ಎಂದು ಬರೆಯುತ್ತಿಲ್ಲ. ಇನ್ನು ಮೇಲೆ ಏನನ್ನೂ ಮುಚ್ಚಿಡುವುದಿಲ್ಲ, ಅದಕ್ಕೆ.

ಇಸ್ತ್ರಿಯಮ್ಮ

*

ಸೆಪ್ಟೆಂಬರ್ 2

ಯಜಮಾನಿಗೆ,

ಇದನ್ನು ನಿನಗೆ ಓದಿ ಹೇಳುವವಳು ಇಸ್ತ್ರಿಯವಳು. ಒಂದಕ್ಷರವನ್ನೂ ಬಿಡಬಾರದು. ಪುಸ್ತಕ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೇನೆಂದು ತಿಳಿದುಕೊಳ್ಳಲಿ.

ನಿನ್ನ ಜೊತೆಗಿರುವವಳು ಸುಳ್ಳಿ. ಓದು, ನಿಲ್ಲಿಸಬೇಡ. ನೀನು ಸತ್ತೆಯೆಂದು ಅವಳು ಬರೆದಳು, ನಾನು ನಂಬಿದೆ. ಅಕ್ಕನ ಮಗ ತಟ್ಟೆ ಹಿಡಿದು ನಿಂತರೂ ನನಗೆ ತುತ್ತು ಇಳಿಯಲಿಲ್ಲ. ನಟರು ಮಾತು ಮರೆತಾಗ ಇಲ್ಲದ ಸಾಲನ್ನು ನುಣ್ಣಗೆ ಹೇಳಿಬಿಡುತ್ತಾರೆ, ಅದನ್ನು ಹಿಡಿಯುವುದೇ ನನ್ನ ಕಸುಬಾಗಿತ್ತು. "ಮಾನ್ಯರೇ" ಎಂದು ಬರೆದಾಗಲೇ ನನಗೆ ತಿಳಿಯಬೇಕಿತ್ತು. ಒಲೆಯ ಸೂಚನೆ ಓದುವ ಹೆಂಗಸು ವಿಷಾದಿಸುತ್ತೇನೆ ಎಂದು ಬರೆಯುತ್ತಾಳೆಯೇ? ಅಳುತ್ತಿದ್ದವನಿಗೆ ಹೊಳೆಯಲಿಲ್ಲ.

ಆ ಕೋಣೆಗೆ ಬೇರೆಯವರು ಬಂದಿದ್ದಾರೆ. ಒಂದು ಸಲ ಹೋಗಿ ನೋಡಿ ಬಂದೆ. ನೀನು ಕೂರಬೇಕಿದ್ದ ಕಿಟಕಿಯಲ್ಲಿ ಹೂವಿನ ಕುಂಡ ಇಟ್ಟಿದ್ದಾರೆ. ಇನ್ನೊಂದು ಮನೆ ಹುಡುಕುವ ಶಕ್ತಿ ನನಗಿಲ್ಲ, ಅಷ್ಟು ದೂರದ ಪ್ರಯಾಣ ತಾಳುವ ಶಕ್ತಿ ನಿನಗಿಲ್ಲ. ಅವಳು ನಿನ್ನನ್ನು ಬುಟ್ಟಿಯಲ್ಲಿ ತುಂಬಿಕೊಂಡು ಗೇಟಿನ ಹೊರಗೆ ತಂದು ತೋರಿಸಿ ಮತ್ತೆ ಎತ್ತಿಕೊಂಡು ಹೋಗುವುದು ಬೇಡ. ಅದನ್ನು ನಾನು ತಡೆಯಲಾರೆ, ನೀನೂ ತಡೆಯಲಾರೆ.

ನಾನು ಅವಳನ್ನು ಕ್ಷಮಿಸಿಲ್ಲ. ಇದನ್ನೂ ಓದು. ಇನ್ನು ಮುಂದೆ ಕ್ಷಮಿಸುತ್ತೇನೋ ಇಲ್ಲವೋ ಗೊತ್ತಿಲ್ಲ, ಅಷ್ಟು ದಿನ ನನಗೂ ಇಲ್ಲದಿರಬಹುದು. ಆದರೆ ನಿನಗೆ ಕಾಯಿಲೆಯಾದಾಗ ತನ್ನ ಕೈಗೆ ಚುಚ್ಚಿಕೊಂಡು ಸೂಜಿ ಕಲಿತವಳು ಅವಳು. ಜನ ನಕ್ಕರೂ ರಜೆ ಹಾಕಿ ನಿನ್ನ ಪಕ್ಕ ಕೂತವಳೂ ಅವಳೇ. ಅದರಲ್ಲಿ ಸುಳ್ಳಿಲ್ಲ. ನಿನಗೆ ಈಗ ಅವಳೇ ಗತಿ, ಅವಳಿಗೂ ನೀನೇ. ಸ್ವೆಟರ್ ಇಟ್ಟುಕೋ. ಮಂಚದಲ್ಲಿ ನಿನ್ನ ಮುಕ್ಕಾಲು ಪಾಲನ್ನು ಬಿಟ್ಟುಕೊಡಬೇಡ.

ಇನ್ನು ಒಂದೇ ಮಾತು. ಅವಳು ನಿನ್ನ ಪಕ್ಕ, ಬಾಗಿಲ ಮುಂದೆ, ನೆಲದ ಮೇಲೆ ಕೂತು ಇದನ್ನು ಹೇಳಬೇಕು. ಸಂಜೆಯಾದರೆ ಇಲ್ಲಿಗೆ ಬರಬೇಡ. ತಾಲೀಮು ಮುಗಿದಿದೆ, ನಾಟಕಶಾಲೆಗೆ ಬೀಗ ಹಾಕಿದ್ದಾರೆ, ನಾನು ಬರುವುದಿಲ್ಲ. ಒಳಗೆ ಹೋಗಿ ಮಲಗು.

ನಿನಗೆ ಕೇಳಿಸದಿದ್ದರೆ ಅವಳು ಇನ್ನೊಂದು ಸಲ ಓದಲಿ. ಆದರೆ ಜೋರಾಗಿ ಬೇಡ.